ಬಾರದ ಬಾಡಿಗೆ

ಒಂಬತ್ತು ವರ್ಷದಲ್ಲಿ ಮೊದಲ ಸಲ
ಹಬ್ಬವಲ್ಲದ ದಿನ ಅಣ್ಣನ ಫೋನು.
'ಪಾನ್ ಕಾರ್ಡು ಇದೆಯೇನೆ ನಿನ್ನ ಹತ್ರ?'
ಇದೆ. ಅಕ್ಕಿ ಡಬ್ಬದ ಹಿಂದೆ, ರೇಷನ್ ಕಾರ್ಡಿನ ಜೊತೆ.
ಫೋಟೋದಲ್ಲಿರುವುದು ನಾನಲ್ಲ, ಯಾರೋ ಜ್ವರ ಬಂದವಳು.
'ತಗೊಂಡು ಬಾ. ಆಡಿಟರು ಕೇಳ್ತಿದಾರೆ.'

ಕಬ್ಬನ್‌ಪೇಟೆಯ ಅಡ್ಡರಸ್ತೆ,
ಎದುರಿಗೆ ಗೂಡ್ಸ್ ಆಟೋ ಬಂದರೆ ಗೋಡೆಗೆ ಒರಗಬೇಕು.
ಕೆಳಮನೆಯಲ್ಲಿ ಅಪ್ಪ ಕಾಲು ಇಳಿಬಿಟ್ಟು ಕೂತು
ನಲವತ್ತು ವರ್ಷ ನೇಯ್ದ ಮಗ್ಗದ ಗುಂಡಿ.
ಅದಕ್ಕೆ ಸಿಮೆಂಟು ತುಂಬಿ, ಮೇಲೆ ಟೈಲ್ಸು ಹಾಕಿ
ಮಾಂಗಿಲಾಲ್ ಈಗ ಅಲ್ಲೇ ಗುಂಡಿ ಮಾರುತ್ತಾನೆ:
ಅಂಗಿಯದು, ಕೋಟಿನದು, ಗ್ರೋಸಿನ ಲೆಕ್ಕದಲ್ಲಿ.
ತಿಂಗಳಿಗೆ ನಲವತ್ತೆಂಟು ಸಾವಿರ, ಐದನೇ ತಾರೀಕು.
ಮನೆಯ ಖಾತೆಯಲ್ಲಿ ಮೂರು ಹೆಸರು,
ಬ್ಯಾಂಕಿನ ಖಾತೆಯಲ್ಲಿ ಒಂದೇ.

ಅವೆನ್ಯೂ ರಸ್ತೆಯ ಮೂರನೇ ಮಹಡಿ.
ಆಡಿಟರು ಇನ್ನೂ ಹುಡುಗ, ಮೀಸೆ ಈಗಷ್ಟೇ ಒಪ್ಪಿಕೊಂಡಿದೆ.
'ವಿಲ್ ಇಲ್ಲ, ವಿಭಾಗ ಆಗಿಲ್ಲ, ಪಾಲು ಸಮ.
ಪಿಂಚಣಿ ಮೇಲೆ ಇಡೀ ಬಾಡಿಗೆ ನೀವೊಬ್ರೇ ತೋರಿಸ್ಕೊಂಡು
ಸುಮ್ನೆ ಯಾಕೆ ಸಾರ್ ಕಟ್ತೀರಿ?
ಮೂವರೂ ಅವರವರ ಪಾಲು ತೋರಿಸ್ಲಿ.'

ತೆರಿಗೆ ಇಳಿಯಲೆಂದು ಅಣ್ಣನಿಗೆ ತಂಗಿ ನೆನಪಾಗಿದ್ದಳು.

ವರ್ಷಕ್ಕೆ ನನ್ನದು ಒಂದು ಲಕ್ಷ ತೊಂಬತ್ತೆರಡು ಸಾವಿರ.
ಕಾರ್ಪೊರೇಷನ್ ಕಂದಾಯದಲ್ಲಿ ನನ್ನ ಪಾಲು ಮೂರು ಸಾವಿರ, ಕಳೆ.
ಉಳಿದದ್ದರಲ್ಲಿ ನೂರಕ್ಕೆ ಮೂವತ್ತು ಬಿಡುತ್ತಾರಂತೆ,
ರಿಪೇರಿ ಮಾಡಿಸಿದರೂ ಸರಿ, ಮಾಡಿಸದಿದ್ದರೂ ಸರಿ.
ಮಾಡಿಸಿಲ್ಲ. ಮೆಟ್ಟಿಲ ಗೋಡೆ ಇವತ್ತಿಗೂ ಜಿನುಗುತ್ತದೆ,
ಕಡೆಯ ವರ್ಷ ಅಮ್ಮ ಅಲ್ಲಿ ಕೈಯೂರಿ ಇಳಿಯುವಾಗ
ಅಂಗೈ ತುಂಬ ಹಸಿ ಸುಣ್ಣ.
ಸರ್ಕಾರ ಆ ತೇವಕ್ಕೂ ಒಂದು ಬೆಲೆ ಕಟ್ಟಿಟ್ಟಿದೆ.

ಉಳಿದದ್ದು ಒಂದು ಲಕ್ಷ ಮೂವತ್ತೆರಡು ಸಾವಿರದ ಮುನ್ನೂರು.
ಫಾಲ್ಸು ಹೊಲಿದು ಗಳಿಸಿದ್ದನ್ನು ಕೂಡಿಸಿದರೂ
'ತೆರಿಗೆ ಸೊನ್ನೆ ಅಮ್ಮಾ, ಭಯ ಬೇಡ.'

ಭಯವಲ್ಲ.
ಗೌರಿಹಬ್ಬಕ್ಕೆ ಐನೂರು, ಒಂದು ರವಿಕೆ ಕಣ,
ಅದನ್ನೇ ನನ್ನ ಪಾಲು ಎಂದುಕೊಂಡಿದ್ದೆ.
ಈಗ ಕಂಪ್ಯೂಟರಿನ ಚೌಕದಲ್ಲಿ
ನನ್ನ ಹೆಸರಿನ ಮುಂದೆ ಶೇಕಡಾ ಮೂವತ್ಮೂರು ಚಿಲ್ಲರೆ
ಕಣ್ಣು ಪಿಳುಕಿಸುತ್ತ ನಿಂತಿದೆ.

ಅಪ್ಪ ಅನ್ನುತ್ತಿದ್ದ:
ಹಾಸಿನಲ್ಲಿ ಒಂದೆಳೆ ಬಿಟ್ಟರೆ
ನೇಕಾರ ಬಾಯಿ ಮುಚ್ಚಿದರೂ ಸೀರೆ ಹೇಳುತ್ತದೆ.

'ಬಂದಿದೆ ಅಂತ ಬರ್ಕೊಳಿ' ಎಂದೆ.
'ಆದ್ರೆ ಬಂದಿಲ್ಲವಲ್ಲ?'

ಹುಡುಗನ ಬೆರಳು ಕೀಲಿಯ ಮೇಲೇ ನಿಂತಿತು.
ತುಮಕೂರಿನ ಡಿಪೋದಿಂದ, ಸ್ಪೀಕರಿನಲ್ಲಿ,
ಎಲ್ಲೋ ಬಸ್ಸೊಂದು ಹಿಂದಕ್ಕೆ ಬರುವ ಪೀಂ ಪೀಂ ನಡುವೆ
ತಮ್ಮ ಏಕಾಂಬರ ಕೂಗಿದ:
'ಅಕ್ಕ ಕೇಳಿದ್ದು ನಂದೂ ಅಂತ ಸೇರಿಸ್ಕೊಳಿ!'

ಅಣ್ಣ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದ,
ಮತ್ತೆ ಒರೆಸಿದ.
ಅವನ ಅಂಗಿಗೆ ಎರಡನೇ ಗುಂಡಿ ಇರಲಿಲ್ಲ.
ಗುಂಡಿ ಅಂಗಡಿಯ ಮಾಲೀಕ!
ನಗು ಬಂತು, ತಡೆದುಕೊಂಡೆ; ಅವನೂ ಮುದುಕನಾಗಿದ್ದಾನೆ.
ಕಂದಾಯದ ಕ್ಯೂ, ನೀರಿನ ಬಿಲ್ಲು, ಮಾಂಗಿಲಾಲನ ಜೊತೆ ಜಗಳ
ಎಲ್ಲ ಇಷ್ಟು ವರ್ಷ ಅವನದೇ.
ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು, ಹಿಡಿಯುತ್ತೇನೆ.
ಆದರೆ ಅದು ಆಮೇಲಿನ ಮಾತು.

'ಅಕೌಂಟ್ ನಂಬರು ಹೇಳಿ'
ಅಂದದ್ದು ಆಡಿಟರು. ಫಾರಂಗೆ ಅದು ಬೇಕಂತೆ.
ಅಣ್ಣನೂ ಜೇಬಿನಿಂದ ಪೆನ್ನು ತೆಗೆದ.
ಪಾಸ್‌ಬುಕ್ಕು ನೋಡದೆ ಹೇಳಿದೆ,
ಒಂದೊಂದೇ ಅಂಕೆ, ಎಳೆ ಎಣಿಸುವ ಹಾಗೆ.

ಇವತ್ತು ತಾರೀಕು ನಾಲ್ಕು.
ಯಾರದೋ ಮದುವೆ ಸೀರೆ ಮಡಿಲಲ್ಲಿದೆ, ಅಂಚು ಅರ್ಧ ಆಗಿದೆ.
ಫೋನು ಚಾರ್ಜಿಗೆ ಹಾಕಿದ್ದೇನೆ.